ಬೆಳಗಿಗೊಂದೇ ಪರೀಕ್ಷೆ

ಚಳಿಯಲ್ಲಿ ಹಳೆಯ ಪೆಟ್ರೋಲ್ ಜೀಪು ಮುಗ್ಗರಿಸುವುದೇಕೆ? ಸ್ಪಾನರ್ ಹಿಡಿಯುವ ಮೊದಲು ಹಿಡಿಯಬೇಕಾದದ್ದು ನೋಟ್‌ಬುಕ್ಕು.

ಡಿಸೆಂಬರಿನ ಬೆಳಗು, ಆರೂವರೆ ಗಂಟೆ. ಚಿಕ್ಕಮಗಳೂರು ಸೀಮೆಯ ಒಂದು ಕಾಫಿ ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಅಂಗಳದಲ್ಲಿ ಮಂಜು. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಅಜ್ಜನ ಕಾಲದ ಪೆಟ್ರೋಲ್ ಜೀಪು. ಎರಡನೇ ಪಿಯುಸಿ ಓದುವ ಮಗಳನ್ನು ಬಸ್ ಸ್ಟಾಪಿಗೆ ಬಿಡಲು ಅಪ್ಪ ಚೋಕ್ ಎಳೆದು ಸ್ಟಾರ್ಟರ್ ಒತ್ತುತ್ತಾರೆ. ನಾಲ್ಕಾರು ಸುತ್ತು ನರಳಿ ಇಂಜಿನ್ ಹತ್ತಿಕೊಳ್ಳುತ್ತದೆ. ಕಾಲುದಾರಿ ದಾಟಿ ಡಾಂಬರು ರಸ್ತೆಗೆ ಏರುವಾಗ ಆಕ್ಸಿಲರೇಟರ್ ಒತ್ತಿದರೆ ಜೀಪು ಮುಂದೆ ನುಗ್ಗುವ ಬದಲು ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಬಾನೆಟ್ಟಿನೊಳಗೆ 'ಫಟ್' ಎಂದೊಂದು ಸದ್ದು. ತಿರುವಿನಾಚೆಯಿಂದ ಬಸ್ಸಿನ ಹಾರನ್ನು ಕೇಳಿಸುತ್ತಿದೆ. ಜೀಪಿನ ಅರ್ಧ ಮೈ ರಸ್ತೆಯ ಮೇಲಿದೆ.

'ಅಪ್ಪಾ, ಬೇಗ!' ಎಂಬ ಮಗಳ ಕೂಗಿಗೆ 'ತಡಿ ಮಾರಾಯ್ತಿ' ಎಂದು ಅಪ್ಪ ಮತ್ತೆ ಸ್ಟಾರ್ಟರ್ ಒತ್ತುತ್ತಾರೆ. ಅಂದು ಏನೂ ಆಗಲಿಲ್ಲ. ಆದರೆ ಮಾರ್ಚಿನಲ್ಲಿ ಪರೀಕ್ಷೆ. ದಿನಾ ಬೆಳಿಗ್ಗೆ ಇದೇ ಪಾಡು. ಗ್ಯಾರೇಜಿನಲ್ಲಿ ಕೇಳಿದರೆ 'ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿಬಿಡಿ ಸಾರ್' ಎಂಬ ಒಂದೇ ಉತ್ತರ.

ನಿಜವಾಗಿಯೂ ಹೋಗಿರುವುದು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯಲ್ಲಿ ಪಿಯುಸಿ ಭೌತಶಾಸ್ತ್ರದ ಅರ್ಧ ಪುಸ್ತಕವೇ ಎದುರಾಗುತ್ತದೆ.

ಕಾಲು ಟನ್ನಿನ ಟ್ರಕ್ಕು

ಮಲೆನಾಡಿನಲ್ಲಿ ಜೀಪೆಂದರೆ ಮನೆಯ ಒಬ್ಬ ಸದಸ್ಯನಿದ್ದಂತೆ. ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಬಾಣಂತಿ, ಎಲ್ಲವನ್ನೂ ಹೊತ್ತದ್ದು ಅದೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಇದಕ್ಕೆ ಕೊಟ್ಟಿದ್ದ ಅಧಿಕೃತ ಹೆಸರು 'ಕಾಲು ಟನ್ನಿನ ಟ್ರಕ್'. ಸ್ವಾತಂತ್ರ್ಯದ ಹೊತ್ತಿನಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿತು. ನಮ್ಮ ತೋಟಗಳಲ್ಲಿ ಹೆಚ್ಚು ಕಂಡದ್ದು 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-3ಬಿ ಮಾದರಿ. ಬಾನೆಟ್ಟು ಎತ್ತರವಾಗಿರುವ ಈ ಜೀಪನ್ನು ದೂರದಿಂದಲೇ ಗುರುತಿಸಬಹುದು. ಒಳಗಿನ 2.2 ಲೀಟರಿನ, ನಾಲ್ಕು ಸಿಲಿಂಡರಿನ 'ಹರಿಕೇನ್' ಇಂಜಿನ್ ಹಿಂದಿನದಕ್ಕಿಂತ ಎತ್ತರವಾದ್ದರಿಂದ ಬಾನೆಟ್ಟೂ ಎತ್ತರವಾಯಿತು. ಅದರ ಮೇಲೆ ಕೂತದ್ದು ಒಂದೇ ಬಾಯಿಯ ಸರಳ ಕಾರ್ಬುರೇಟರ್. ಮೂಲದಲ್ಲಿ ಕಾರ್ಟರ್ ಕಂಪೆನಿಯದು, ನಮ್ಮಲ್ಲಿ ಅನೇಕ ಜೀಪುಗಳಿಗೆ ಸೋಲೆಕ್ಸ್.

ಮುಂದೆ ಹೆಚ್ಚಿನ ಜೀಪುಗಳು ಡೀಸೆಲ್ಲಿಗೆ ಬದಲಾದವು. ಪೆಟ್ರೋಲ್ ಇಂಜಿನ್ನನ್ನೇ ಉಳಿಸಿಕೊಂಡ ಕೆಲವು ಮನೆಗಳಲ್ಲಿ ಇಂದಿಗೂ ಚಳಿಗಾಲದ ಈ ನಾಟಕ ನಡೆಯುತ್ತದೆ.

ದ್ರವ ಉರಿಯದು, ಆವಿ ಉರಿಯುತ್ತದೆ

ಇಂಜಿನ್ನಿನೊಳಗೆ ಉರಿಯುವುದು ದ್ರವ ಪೆಟ್ರೋಲು ಅಲ್ಲ, ಅದರ ಆವಿ. ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಬೆರೆತರೆ ಎರಡೂ ಸರಿಯಾಗಿ ಮುಗಿಯುತ್ತವೆ. ಈ ಬೆರಕೆ ಮಾಡುವುದೇ ಕಾರ್ಬುರೇಟರಿನ ಕೆಲಸ. ಗಾಳಿಯ ಕೊಳವೆಯನ್ನು ಮಧ್ಯದಲ್ಲಿ ಕಿರಿದು ಮಾಡಿದರೆ ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಇಟಲಿಯ ವೆಂಚುರಿ ಎಂಬ ವಿಜ್ಞಾನಿ 1797ರಲ್ಲಿ ವಿವರಿಸಿದ ಸಂಗತಿ ಇದು. ಆ ಕಡಿಮೆ ಒತ್ತಡವೇ ಪಕ್ಕದ ಬಟ್ಟಲಿನಿಂದ ಪೆಟ್ರೋಲನ್ನು ಸೆಳೆದು ತುಂತುರಾಗಿ ಚಿಮ್ಮಿಸುತ್ತದೆ. ಹಳೆಯ ಕಾಲದ ಫ್ಲಿಟ್ ಪಂಪು ನೋಡಿದವರಿಗೆ ಇದು ಹೊಸದೇನಲ್ಲ.

ತೊಂದರೆ ಶುರುವಾಗುವುದು ಚಳಿಯಲ್ಲಿ. ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಬೆರಕೆ. ಕೆಲವು ಅಂಗೈ ಬಿಸಿಗೇ ಆವಿಯಾದರೆ, ಇನ್ನು ಕೆಲವಕ್ಕೆ 200 ಡಿಗ್ರಿಯ ಹತ್ತಿರದ ಶಾಖ ಬೇಕು. ಮಂಜಿನ ಮುಂಜಾವಿನಲ್ಲಿ ಹಗುರವಾದ ಭಾಗ ಮಾತ್ರ ಆವಿಯಾಗಿ, ಉಳಿದದ್ದು ತಣ್ಣಗಿನ ಕೊಳವೆಯ ಗೋಡೆಗೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಅಳತೆ ಮಾಡಿ ಕೊಟ್ಟ ಪೆಟ್ರೋಲಿನಲ್ಲಿ ಸಿಲಿಂಡರಿಗೆ ಮುಟ್ಟುವುದು ಅಲ್ಪ.

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೇ ಚೋಕ್. ಹೆಸರೇ ಹೇಳುವಂತೆ ಅದು ಕತ್ತು ಹಿಸುಕುವ ಕೆಲಸ. ಕಾರ್ಬುರೇಟರಿನ ಮೇಲಿನ ಬಾಯಿಯನ್ನು ಒಂದು ತಗಡಿನ ಬಿಲ್ಲೆ ಮುಚ್ಚಿದಾಗ ಗಾಳಿ ಕಡಿಮೆಯಾಗುತ್ತದೆ, ಸೆಳೆತ ಹೆಚ್ಚಾಗಿ ಪೆಟ್ರೋಲು ಧಾರಾಳವಾಗಿ ಬರುತ್ತದೆ. ನೂರು ಪಾಲು ಕೊಟ್ಟರೆ ಇಪ್ಪತ್ತಾದರೂ ಆವಿಯಾದೀತು ಎಂಬ ಲೆಕ್ಕಾಚಾರ.

ಸ್ಟಾರ್ಟ್ ಆಯಿತು ಸರಿ, ಆಕ್ಸಿಲರೇಟರ್ ಒತ್ತಿದಾಗಲೇ ಮುಗ್ಗರಿಸುವುದೇಕೆ? ಕಾಲು ಒತ್ತಿದೊಡನೆ ಕೆಳಗಿನ ಥ್ರಾಟಲ್ ತೆರೆಯುತ್ತದೆ. ಹಗುರವಾದ ಗಾಳಿ ತಕ್ಷಣ ಒಳನುಗ್ಗುತ್ತದೆ. ಭಾರವಾದ ಪೆಟ್ರೋಲು ಒಂದು ಕ್ಷಣ ಹಿಂದೆ ಬೀಳುತ್ತದೆ. ಜೊತೆಗೆ ಇನ್ನೊಂದು ಸಂಗತಿಯಿದೆ. ಬೆಟ್ಟದ ಮೇಲೆ ಒತ್ತಡ ಕಡಿಮೆ ಇರುವುದರಿಂದ ನೀರು ಬೇಗ ಕುದಿಯುತ್ತದೆಯಲ್ಲವೇ? ಹಾಗೆಯೇ ಥ್ರಾಟಲ್ ಮುಚ್ಚಿದ್ದಾಗ ಒಳಗಿನ ಒತ್ತಡ ಕಡಿಮೆಯಿದ್ದು ಪೆಟ್ರೋಲು ಸುಲಭವಾಗಿ ಆವಿಯಾಗುತ್ತಿರುತ್ತದೆ. ಥ್ರಾಟಲ್ ತೆರೆದೊಡನೆ ಒತ್ತಡ ಏರಿ, ಆವಿಯಾಗುವುದು ಕುಂಠಿತವಾಗಿ, ಪೆಟ್ರೋಲು ಮತ್ತೆ ಗೋಡೆ ಹಿಡಿಯುತ್ತದೆ. ಗಾಳಿ ಹೆಚ್ಚಾಯಿತು, ಆವಿ ಕಡಿಮೆಯಾಯಿತು. ಇಂಥ ಬಡಕಲು ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಮುಂದಿನ ಸರದಿಗೆ ಒಳಬರುವ ಮಿಶ್ರಣಕ್ಕೂ ಅದೇ ಕಿಚ್ಚು ತಗುಲಿದರೆ ಕಾರ್ಬುರೇಟರಿನ ಬಾಯಲ್ಲಿ 'ಫಟ್' ಎನ್ನುತ್ತದೆ.

ಈ ಒಂದು ಕ್ಷಣದ ಬರವನ್ನು ತುಂಬಲೆಂದೇ ಕಾರ್ಬುರೇಟರಿನಲ್ಲಿ ಆಕ್ಸಿಲರೇಟರ್ ಪಂಪು ಎಂಬ ಪುಟ್ಟ ವ್ಯವಸ್ಥೆಯಿದೆ. ಕಾಲು ಒತ್ತಿದೊಡನೆ ಬಟ್ಟೆ-ರಬ್ಬರಿನ ತೆಳು ಪೊರೆಯೊಂದು ಪಿಚಕಾರಿಯಂತೆ ಪೆಟ್ರೋಲನ್ನು ಚಿಮ್ಮಿಸುತ್ತದೆ. ಮೆಕ್ಯಾನಿಕ್‌ಗಳು ಇದನ್ನು 'ಡಯಾಫ್ರಾಮ್' ಎನ್ನುತ್ತಾರೆ.

ಒಂದು ವಾರದ ತನಿಖೆ

ಕಾರಣಗಳು ಹಲವು ಇರಬಹುದು ಎಂದಾಯಿತು. ಇವುಗಳಲ್ಲಿ ಯಾವುದು? ಇಲ್ಲೊಂದು ಸ್ವಾರಸ್ಯವಿದೆ. ಇಂಜಿನ್ ಪೂರ್ತಿ ತಣ್ಣಗಾಗಲು ಒಂದು ರಾತ್ರಿ ಬೇಕು. ಒಮ್ಮೆ ಸ್ಟಾರ್ಟ್ ಮಾಡಿ ಓಡಿಸಿದರೆ ಆ ದಿನದ ಪರೀಕ್ಷೆ ಮುಗಿದಂತೆಯೇ. ಆದ್ದರಿಂದ ಬೆಳಗಿಗೆ ಒಂದೇ ಪರೀಕ್ಷೆ, ಒಂದೇ ಬದಲಾವಣೆ. ಚೋಕ್, ಪ್ಲಗ್ಗು, ಪಾಯಿಂಟು ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಜೀಪು ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ಗೊತ್ತಾಗದು. ಕೆಟ್ಟರೆ ಕೇಳುವುದೇ ಬೇಡ.

ನಮ್ಮ ಕಲ್ಪನೆಯ ಮನೆಯಲ್ಲಿ ಮಗಳು ಲ್ಯಾಬ್ ರೆಕಾರ್ಡಿನಂತೆ ಒಂದು ನೋಟ್‌ಬುಕ್ಕು ತೆರೆಯುತ್ತಾಳೆ ಎನ್ನಿ.

*ಸೋಮವಾರ* ಯಾವುದನ್ನೂ ಮುಟ್ಟುವುದಿಲ್ಲ, ನೋಡುವುದಷ್ಟೆ. ಹೊರಗಿನ ತಾಪ 13 ಡಿಗ್ರಿ. ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಕೆ, ಎರಡು ಬಾರಿ 'ಫಟ್'. ಸೈಲೆನ್ಸರಿನಲ್ಲಿ ಕಪ್ಪು ಹೊಗೆಯಿಲ್ಲ. ಪೆಟ್ರೋಲು ಹೆಚ್ಚಾಗಿದ್ದರೆ ಹೊಗೆ ಕಪ್ಪಾಗುತ್ತಿತ್ತು, ಪ್ಲಗ್ಗಿನ ತುದಿಗೆ ಮಸಿ ಹಿಡಿಯುತ್ತಿತ್ತು. ಹಾಗಾಗಿ ಇದು ಬಡಕಲು ಮಿಶ್ರಣದ ಲಕ್ಷಣ. ಇನ್ನೊಂದು ಸಂಗತಿಯೂ ಕಂಡಿತು. ಐದು ನಿಮಿಷದಲ್ಲಿ ಸರಿಹೋಗಬೇಕಾದ ಜೀಪು ಇಪ್ಪತ್ತೈದು ನಿಮಿಷವಾದರೂ ಬಿಗಿಯಾಗಿಯೇ ಇತ್ತು. ಅದರ ಅರ್ಥ ಅಂದು ಯಾರಿಗೂ ಹೊಳೆಯಲಿಲ್ಲ. ಬರೆದಿಟ್ಟಳು.

*ಮಂಗಳವಾರ* ಚೋಕ್. ಇಂಜಿನ್ ಆಫ್ ಇರುವಾಗಲೇ ಏರ್ ಕ್ಲೀನರನ್ನು ಬಿಚ್ಚಿ ಕಾರ್ಬುರೇಟರಿನ ಬಾಯಿ ನೋಡಿದರು. ಡ್ಯಾಶ್‌ಬೋರ್ಡಿನ ಗುಂಡಿಯನ್ನು ಪೂರ್ತಿ ಎಳೆದರೂ ಬಿಲ್ಲೆ ಮುಕ್ಕಾಲು ಮಾತ್ರ ಮುಚ್ಚುತ್ತಿದೆ. ತಂತಿಯನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿ ತಂತಿ ಜಾರಿತ್ತು. ಬಿಗಿ ಮಾಡಿದ್ದಾಯಿತು. ಖರ್ಚು ಸೊನ್ನೆ. ಮರುದಿನ ಇಂಜಿನ್ ಎರಡನೇ ಸುತ್ತಿಗೇ ಹತ್ತಿತು. ಆದರೆ ಮುಗ್ಗರಿಕೆ ಹೋಗಲಿಲ್ಲ.

*ಬುಧವಾರ* ಪಂಪು. ಮತ್ತೆ ಇಂಜಿನ್ ಆಫ್ ಮಾಡಿ, ಕಾರ್ಬುರೇಟರಿನ ಬಾಯೊಳಗೆ ನೋಡುತ್ತಾ ಥ್ರಾಟಲ್ ಸರಳನ್ನು ಕೈಯಿಂದ ತಿರುಗಿಸಬೇಕು. ಸರಳು ಅಲುಗಿದ ಕ್ಷಣವೇ ಪೆಟ್ರೋಲಿನ ಗಟ್ಟಿ ಧಾರೆ ಚಿಮ್ಮಬೇಕು. ಇಲ್ಲಿ ಸರಳು ಅರ್ಧ ದಾರಿ ಹೋದ ಮೇಲೆ ಮಗುವಿನ ಜೊಲ್ಲಿನಂತೆ ಎರಡು ಹನಿ ತೊಟ್ಟಿಕ್ಕಿತು. ಬಟ್ಟಲಿನಲ್ಲಿ ಪೆಟ್ರೋಲೇ ಇಲ್ಲದಿದ್ದರೂ ಹೀಗಾಗಬಹುದು. ಹಲವು ದಿನ ನಿಂತ ಗಾಡಿಯಲ್ಲಿ ಬಟ್ಟಲು ಆರಿಹೋಗುತ್ತದೆ. ಆದರೆ ಈ ಜೀಪು ದಿನವೂ ಓಡುವಂಥದ್ದು, ಬಟ್ಟಲು ತುಂಬಿತ್ತು. ಹಾಗಾದರೆ ಅನುಮಾನ ಡಯಾಫ್ರಾಮಿನ ಮೇಲೆ. ಬಿಚ್ಚಿದರೆ ಪೊರೆ ಒಣಗಿದ ಹಲಸಿನ ಹಪ್ಪಳದಂತೆ ಸೆಟೆದಿದೆ. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತು. ರಿಪೇರಿ ಕಿಟ್ಟಿಗೆ ಪೇಟೆಗೆ ಹೇಳಿಕಳುಹಿಸಿದರು.

*ಗುರುವಾರ* ಕಿಟ್ಟು ಬರುವತನಕ ಹಳೆಯ ಪೊರೆಯನ್ನೇ ಹಾಕಿ, ಗಾಳಿ ಸೋರಿಕೆಯ ತಪಾಸಣೆ. ಕಾರ್ಬುರೇಟರಿನ ಕೆಳಗಿನ ಗ್ಯಾಸ್ಕೆಟ್ಟು ಬಿರಿದರೆ, ಇಲ್ಲವೇ ವೈಪರಿಗೆ ಹೋಗುವ ರಬ್ಬರ್ ಕೊಳವೆ ಸೀಳಿದರೆ ಕಳ್ಳದಾರಿಯಲ್ಲಿ ಗಾಳಿ ನುಗ್ಗಿ ಮಿಶ್ರಣ ಬಡಕಲಾಗುತ್ತದೆ. ಐಡ್ಲಿಂಗಿನಲ್ಲಿ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಸಂದುಗಳ ಬಳಿ ಆಡಿಸಿದರೆ 'ಸುಸ್' ಎಂಬ ಸದ್ದು ಕೇಳುತ್ತದೆ. ವ್ಯಾಕ್ಯೂಮ್ ಗೇಜು ಇದ್ದವರು ಅದನ್ನೂ ಜೋಡಿಸಬಹುದು. ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಇಂಜಿನ್ 17ರಿಂದ 21 ಅಂಗುಲ ತೋರಿಸುತ್ತದೆ. ಎತ್ತರ ಸಾವಿರ ಅಡಿ ಏರಿದಂತೆ ಸುಮಾರು ಒಂದು ಅಂಗುಲ ಇಳಿಯುತ್ತದೆ. ಮಂಗಳೂರಿಗೆ ಸರಿಯಾದ ಅಂಕಿ, ಮೂರೂವರೆ ಸಾವಿರ ಅಡಿ ಎತ್ತರದ ಚಿಕ್ಕಮಗಳೂರಿಗೆ ಸರಿಯಲ್ಲ! ಅದನ್ನರಿಯದೆ ಇಲ್ಲದ ರೋಗಕ್ಕೆ ಔಷಧ ಮಾಡಿದವರಿದ್ದಾರೆ. ಈ ಜೀಪಿನಲ್ಲಿ ಸೋರಿಕೆ ಸಿಗಲಿಲ್ಲ. 'ಏನೂ ಇಲ್ಲ' ಎಂದೇ ಬರೆದಳು. ಇಲ್ಲ ಎಂಬುದೂ ಒಂದು ಉತ್ತರವೇ.

*ಶುಕ್ರವಾರ* ಹೊಸ ಡಯಾಫ್ರಾಮ್ ಕೂತಿತು. ದಾರಿಗಳನ್ನು ಕಾರ್ಬುರೇಟರ್ ಕ್ಲೀನರಿನಿಂದ ತೊಳೆದು ಗಾಳಿ ಊದಿದರು. ಜೆಟ್ಟಿಗೆ ತಂತಿ ಹಾಕಲಿಲ್ಲ. ಮೆತ್ತನೆಯ ಹಿತ್ತಾಳೆಯ ಆ ಸಣ್ಣ ತೂತು ಸ್ವಲ್ಪ ಹಿಗ್ಗಿದರೂ ಅಳತೆ ಕೆಟ್ಟಿತು. ಬೆಳಿಗ್ಗೆ ಡಾಂಬರು ರಸ್ತೆಗೆ ಏರುವಾಗ ಜೀಪು ತಡವರಿಸಲಿಲ್ಲ. ಬಾನೆಟ್ಟಿನಿಂದ 'ಫಟ್' ಸದ್ದೂ ಇಲ್ಲ. ಆದರೆ ಚೋಕನ್ನು ಒಳಗೆ ತಳ್ಳಿದರೆ ಪೇಟೆ ತಲುಪುವತನಕವೂ ಇಂಜಿನ್ ಸೊರಗುತ್ತದೆ.

ಸೋಮವಾರದ ಸಾಲು

ಅಪ್ಪ ಇಷ್ಟು ಸಾಕೆಂದರು. ಮಗಳು ನೋಟ್‌ಬುಕ್ಕು ಹಿಂದಕ್ಕೆ ತಿರುಗಿಸಿದಳು. ಸೋಮವಾರದ ಸಾಲು ಅಲ್ಲೇ ಇತ್ತು: ಇಪ್ಪತ್ತೈದು ನಿಮಿಷ. ಇಂಜಿನ್ ಬಿಸಿಯಾಗುತ್ತಲೇ ಇಲ್ಲವಲ್ಲ, ಏಕೆ?

ಹರಿಕೇನ್ ಇಂಜಿನ್ನಿನಲ್ಲಿ ಮಿಶ್ರಣ ಒಳಹೋಗುವ ದಾರಿಯನ್ನು ಸಿಲಿಂಡರ್ ಹೆಡ್ಡಿನೊಳಗೇ ಎರಕ ಹೊಯ್ದಿದ್ದಾರೆ. ಅದರ ಸುತ್ತಲೂ ಇಂಜಿನ್ನಿನ ನೀರು ಹರಿಯುತ್ತದೆ. ನೀರು ಬಿಸಿಯಾದರೆ ಗೋಡೆ ಬಿಸಿ, ಗೋಡೆ ಬಿಸಿಯಾದರೆ ಪೆಟ್ರೋಲು ಆವಿ. ನೀರು ಬೇಗ ಬಿಸಿಯಾಗಲಿ ಎಂದೇ ಥರ್ಮೋಸ್ಟಾಟ್ ಎಂಬ ಕವಾಟವಿದೆ. ನಿಗದಿತ ಬಿಸಿ ಬರುವತನಕ ಅದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ.

*ಶನಿವಾರ* ಅದರ ಮುಚ್ಚಳ ತೆರೆದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಎಂದೋ ಒಂದು ಬೇಸಿಗೆಯಲ್ಲಿ ಘಾಟಿ ಹತ್ತುವಾಗ ನೀರು ಕುದಿಯಿತೆಂದು ಯಾರೋ ಅದನ್ನು ಕಿತ್ತುಹಾಕಿದ್ದರು. ನಮ್ಮ ಗ್ಯಾರೇಜುಗಳಲ್ಲಿ ಇದು ಬಹಳ ಹಳೆಯ ಪದ್ಧತಿ. ಕುದಿಯಲು ನಿಜವಾದ ಕಾರಣ ಸಾಮಾನ್ಯವಾಗಿ ಕಸ ಕಟ್ಟಿದ ರೇಡಿಯೇಟರು, ಸಡಿಲ ಫ್ಯಾನ್ ಬೆಲ್ಟು, ಇಲ್ಲವೇ ಸೋರುವ ಮುಚ್ಚಳ. ಕಾರಣವನ್ನು ಬಿಟ್ಟು ಕಾವಲುಗಾರನನ್ನು ಓಡಿಸಿದಂತಾಯಿತು. ಬೇಸಿಗೆಯ ತೊಂದರೆಗೆ ಮಾಡಿದ ಅಡ್ಡದಾರಿ ಚಳಿಗಾಲದ ತೊಂದರೆಯಾಗಿ ಮರಳಿ ಬಂತು.

ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರದಿಂದ ತೂಗುಬಿಟ್ಟು ಒಲೆಯ ಮೇಲಿಟ್ಟರು. ಪಕ್ಕದಲ್ಲಿ ಲ್ಯಾಬಿನಂಥ ಥರ್ಮಾಮೀಟರು. ನೀರು ಕಾದು, ಮೇಲೆ ಕೊರೆದ ಅಂಕಿಯ ಹತ್ತಿರ ಬಂದಾಗ ಕವಾಟ ಮೆಲ್ಲಗೆ ಬಾಯಿ ತೆರೆಯಿತು. ಅಡುಗೆಮನೆಯಲ್ಲೇ ಒಂದು ಪ್ರಯೋಗ ಮುಗಿಯಿತು. ರೇಡಿಯೇಟರ್ ತೊಳೆಸಿ, ಕವಾಟ ಕೂರಿಸಿದರು.

*ಭಾನುವಾರ* ಮಂಜು ಅಷ್ಟೇ, ಚಳಿ ಅಷ್ಟೇ. ಗೇಟು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಚೋಕ್ ಪೂರ್ತಿ ಒಳಗೆ ಹೋಯಿತು. ಹೊಸ ಕಾರ್ಬುರೇಟರಿನ ಮಾತು ಅಲ್ಲಿಗೇ ನಿಂತಿತು.

ಮಳೆಗಾಲದ ರೋಗ ಬೇರೆ

ಎಲ್ಲ ಮುಗ್ಗರಿಕೆಗೂ ಪೆಟ್ರೋಲೇ ಕಾರಣವೆಂದುಕೊಳ್ಳಬಾರದು. ಜುಲೈ ತಿಂಗಳ ಜಡಿಮಳೆಯಲ್ಲಿ ಮಾತ್ರ ಕಾಡುವ ತೊಂದರೆಗೆ ಕಿಡಿಯನ್ನು ಅನುಮಾನಿಸಬೇಕು. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೆ, ಹಳೆಯ ಪ್ಲಗ್ ವಯರು ಬಿರಿದರೆ ವಿದ್ಯುತ್ತು ಅಡ್ಡಹಾದಿ ಹಿಡಿಯುತ್ತದೆ. ರಾತ್ರಿ ಕತ್ತಲಲ್ಲಿ ಬಾನೆಟ್ ತೆರೆದು ಇಂಜಿನ್ ಓಡಿಸಿದರೆ ವಯರುಗಳ ಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರವಿರಲಿ. ಈ ಇಂಜಿನ್ನಿಗೆ ಕಾಂಟ್ಯಾಕ್ಟ್ ಪಾಯಿಂಟಿನ ಅಂತರ ಸುಮಾರು ಅರ್ಧ ಮಿಲಿಮೀಟರ್, ಪ್ಲಗ್ಗಿನದು ಮುಕ್ಕಾಲು ಮಿಲಿಮೀಟರ್. ಕಿಡಿ ಬಲವಾಗಿದ್ದರೆ ಸ್ವಲ್ಪ ಬಡಕಲು ಮಿಶ್ರಣವೂ ಹತ್ತಿಕೊಳ್ಳುತ್ತದೆ. ಆದ್ದರಿಂದ ಕಾರ್ಬುರೇಟರಿಗೆ ಕೈಹಾಕುವ ಮೊದಲು ಇವನ್ನು ಒಮ್ಮೆ ನೋಡಿಬಿಡುವುದು ಜಾಣತನ.

ಹೊಸ ಪೆಟ್ರೋಲು, ಹಳೆಯ ರಬ್ಬರು

ಹಳೆಯ ಗಾಡಿಗಳಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಕಾರಣವೂ ಸೇರಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವುದು ವಾಡಿಕೆಯಾಯಿತು. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಅದು ಉರಿಯಲು 9 ಪಾಲು ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಜೆಟ್ಟಿಗೆ ಈ ಲೆಕ್ಕ ಗೊತ್ತಿಲ್ಲ, ಅದು ಹಿಂದಿನಷ್ಟೇ ಬಿಡುತ್ತದೆ. ಮಿಶ್ರಣ ತುಸು ಬಡಕಲಾಗುತ್ತದೆ. ಹಳೆಯ ಬಗೆಯ ರಬ್ಬರು ಎಥೆನಾಲಿಗೆ ಬೇಗ ಹಾಳಾಗುತ್ತದೆ, ತೇವ ಹೀರಿದ ಇಂಧನದಿಂದ ಬಟ್ಟಲಿನ ತಳದಲ್ಲಿ ನೀರು ನಿಲ್ಲುವುದೂ ಉಂಟು. ಹೊಸ ಡಯಾಫ್ರಾಮ್, ಹೋಸು ಕೊಳ್ಳುವಾಗ ಎಥೆನಾಲ್ ತಾಳುವಂಥದ್ದನ್ನೇ ಕೇಳಿ ತರಬೇಕು.

ಎಚ್ಚರ ತಪ್ಪಬಾರದು

* ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಚಳಿಯೆಂದು ಬಾಗಿಲು ಹಾಕಿಕೊಂಡವರು ಎದ್ದುಬರದಿರಬಹುದು.
* ಸ್ಟಾರ್ಟ್ ಆಗದಿದ್ದರೆ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿಯುವ ರೂಢಿ ಅಪಾಯಕಾರಿ. ಒಂದು 'ಫಟ್' ಬಂದರೆ ಕೈಯಲ್ಲಿರುವ ಡಬ್ಬಿಗೇ ಬೆಂಕಿ.
* ಪೆಟ್ರೋಲು ತೆರೆದಿರುವಾಗ ಬೀಡಿ, ಬೆಂಕಿಕಡ್ಡಿ, ಸೀಮೆಎಣ್ಣೆ ದೀಪ ಹತ್ತಿರ ಬರಕೂಡದು. ಬ್ಯಾಟರಿಯ ಒಂದು ವಯರನ್ನು ಬಿಚ್ಚಿಟ್ಟು ಕೆಲಸ ಮಾಡಿ.
* ಚೋಕ್ ಅಗತ್ಯಕ್ಕಿಂತ ಹೆಚ್ಚು ಹೊತ್ತು ಎಳೆದಿಡಬೇಡಿ. ಆವಿಯಾಗದ ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಆಯಿಲನ್ನೂ ತೆಳುವಾಗಿಸುತ್ತದೆ.
* ತಣ್ಣಗಿನ ಇಂಜಿನ್ನನ್ನು ಬೊಬ್ಬಿರಿಸಬೇಡಿ. ಒಂದು ನಿಮಿಷ ಓಡಲು ಬಿಟ್ಟು ನಿಧಾನವಾಗಿ ಹೊರಟರೆ ಬೇಗ ಬಿಸಿಯಾಗುತ್ತದೆ.

ಗುಂಡಿ ಹೋಯಿತು, ಲೆಕ್ಕ ಉಳಿಯಿತು

2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ನಮ್ಮ ಕಾರುಗಳಿಂದ ಕಾರ್ಬುರೇಟರ್ ಮರೆಯಾಯಿತು. 2020ರ ಏಪ್ರಿಲ್ಲಿನಿಂದ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕು, ಸ್ಕೂಟರುಗಳಲ್ಲೂ ಹೋಯಿತು. ಇಂದಿನ ಮಕ್ಕಳು ಚೋಕ್ ಗುಂಡಿಯನ್ನು ನೋಡಿರಲಾರರು. ಆದರೆ ಆ ಗುಂಡಿಯ ಕೆಲಸ ಹೋಗಿಲ್ಲ. ನೀರಿನ ಬಿಸಿ ಅಳೆಯುವ ಒಂದು ಸೆನ್ಸರು, ಅದನ್ನು ಓದಿ ತಣ್ಣಗಿದ್ದಾಗ ಹೆಚ್ಚು ಪೆಟ್ರೋಲು ಚಿಮ್ಮಿಸುವ ಪುಟ್ಟ ಕಂಪ್ಯೂಟರು, ಇಬ್ಬರೂ ಸೇರಿ ಅದನ್ನೇ ಮಾಡುತ್ತಿದ್ದಾರೆ. ಹೊಸ ಕಾರು ತಣ್ಣಗೆ ಮುಗ್ಗರಿಸಿದರೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಗಾಳಿ ಎಷ್ಟು, ಪೆಟ್ರೋಲು ಎಷ್ಟು, ಬಿಸಿ ಎಷ್ಟು?

ಮಕ್ಕಳು ಗಾಡಿಯ ಹತ್ತಿರ ಬಂದರೆ 'ಕೈ ಮಸಿಯಾಗುತ್ತದೆ, ಹೋಗಿ ಓದಿಕೋ' ಎನ್ನುವ ತಂದೆತಾಯಿಗಳೇ ಹೆಚ್ಚು. ಮಸಿ ಸೋಪಿಗೆ ಹೋಗುತ್ತದೆ. ಒಂದು ಬಾರಿಗೆ ಒಂದನ್ನೇ ಬದಲಿಸುವ, ಕಂಡದ್ದನ್ನು ಕಂಡಂತೆ ಬರೆದಿಡುವ, ಅರ್ಥವಾಗದ ಸಾಲನ್ನೂ ಅಳಿಸದೆ ಉಳಿಸಿಕೊಳ್ಳುವ ಅಭ್ಯಾಸ ಮಾತ್ರ ಒಮ್ಮೆ ಬಂದರೆ ಹೋಗದು. ಆ ಮನೆಯಲ್ಲಿ ಜೀಪು ಸರಿಮಾಡಿದ್ದು ಶನಿವಾರದ ಥರ್ಮೋಸ್ಟಾಟೇ ಇರಬಹುದು. ಅದರ ದಾರಿ ತೋರಿಸಿದ್ದು ಸೋಮವಾರದ ಒಂದು ಸಾಲು.